ಕಾರಿನ ಮೈಗೆ ಹಾರಿ ಕುಳಿತ ಬಣ್ಣ

ಕಳೆದ ಜನವರಿಯಲ್ಲಿ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಕಪ್ಪು ಬಣ್ಣ ಹೊಡೆಸಿದೆ. ಬ್ರಶ್ಶಿನಲ್ಲಾದರೆ ಎರಡು ದಿನ, ಸ್ಪ್ರೇ ಗನ್ನಿನಲ್ಲಾದರೆ ಅರ್ಧ ದಿನ ಸಾಕು ಎಂದು ಪೇಂಟರ್ ಹೇಳಿದ, ಒಪ್ಪಿದೆ. ಬೆಳಿಗ್ಗೆ ಏಳಕ್ಕೆ ಬರಬೇಕಾದವನು ಬಂದದ್ದು ಹನ್ನೊಂದಕ್ಕೆ. ಭಟ್ಕಳದಿಂದ ಕುಮಟೆಯವರೆಗೆ ಕರಾವಳಿಯಲ್ಲಿ ತೋಟ ಮಾಡಿಕೊಂಡಿರುವ ನಮಗೆಲ್ಲ ತಿಳಿದಿರುವಂತೆ, ಬೇಸಿಗೆಯಲ್ಲಿ ಹೊತ್ತೇರಿದ ಮೇಲೆ ಕಡಲ ಗಾಳಿ ಏಳುತ್ತದೆ. ನಮ್ಮ ಗೇಟು ಪಡುವಣಕ್ಕೆ, ಅಂಗಳ ಮೂಡಣಕ್ಕೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆ, ಅದರ ಪಕ್ಕ ಚಾಪೆಯ ಮೇಲೆ ಕಾಳುಮೆಣಸು, ಚಪ್ಪರದ ಕೆಳಗೆ ಬಿಳಿ ಕಾರು.

ಸಂಜೆ ಕಾರಿನ ಮೇಲೆ ಕೈಯಾಡಿಸಿದರೆ ಉಪ್ಪುಕಾಗದ ಮುಟ್ಟಿದಂತೆ ತರಿತರಿ. ಬಾನೆಟ್ಟಿನ ತುಂಬ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು. ಅಡಿಕೆಗೆ ಸಿಪ್ಪೆಯಿತ್ತು, ಬಚಾವಾಯಿತು. ಮೆಣಸಿನ ಮೇಲೂ ಬಣ್ಣ ಬಿದ್ದಿರಬೇಕು, ಕಪ್ಪಿನ ಮೇಲೆ ಕಪ್ಪು ಕಾಣುವುದು ಹೇಗೆ? ತಿನ್ನುವ ಪದಾರ್ಥವಾದ್ದರಿಂದ ಅಷ್ಟನ್ನೂ ಗುಂಡಿಗೆ ಹಾಕಿಸಿದೆ. ಮನೆಯಲ್ಲಿ ಎರಡು ದಿನ ನನ್ನೊಡನೆ ಮಾತಿರಲಿಲ್ಲ.

ಆಮೇಲೆ ನಾನು ಮಾಡಿದ ಕೆಲಸ ಹೇಳಲು ನಾಚಿಕೆಯಾಗುತ್ತದೆ. ಪೇಂಟರ್ ಬಿಟ್ಟುಹೋದ ಥಿನ್ನರನ್ನು ಹಳೆ ಪಂಚೆಯ ತುಂಡಿಗೆ ಸುರಿದು ಬಾನೆಟ್ಟನ್ನು ಉಜ್ಜಿದೆ. ಚುಕ್ಕೆ ಹೋಯಿತು, ಅದರ ಜೊತೆಗೆ ಹೊಳಪೂ ಹೋಯಿತು. ಅಂಗೈಯಗಲದ ಜಾಗ ಹಾಲು ಚೆಲ್ಲಿ ಒಣಗಿದಂತೆ ಮಂಕಾಯಿತು.

ಕುಮಟೆಯ ಗ್ಯಾರೇಜೊಂದರಲ್ಲಿ ಕೆಲಸ ಮಾಡುವ ನೆರೆಮನೆಯ ಹುಡುಗ ಕಾರಣ ವಿವರಿಸಿದ. ಈಗಿನ ಹೆಚ್ಚಿನ ಕಾರುಗಳಲ್ಲಿ ಬಣ್ಣದ ಮೇಲೆ ಒಂದು ಪಾರದರ್ಶಕ ಪದರವಿರುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಭಾಗದಷ್ಟು. ತಾವು ಕೈಯಲ್ಲಿ ಹಿಡಿದಿರುವ ಈ ಹಾಳೆಗಿಂತಲೂ ತೆಳು. ಹಾರಿಬಂದ ಬಣ್ಣ ಗಾಳಿಯಲ್ಲೇ ಅರೆಬರೆ ಒಣಗಿ ಈ ಪದರದ ಮೇಲೆ ಕೂರುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮೇಲೆ ಕುಳಿತದ್ದನ್ನು ಎಬ್ಬಿಸಿದರೆ ಸಾಕು. ನಾನು ಪದರವನ್ನೇ ಕರಗಿಸಹೊರಟಿದ್ದೆ. ಪದರ ಸವೆದು, ಕೆಳಗಿನ ಬಣ್ಣವೂ ಹೋಗಿ ತಗಡು ಬಯಲಾದರೆ, ನಮ್ಮ ಉಪ್ಪು ಗಾಳಿಯಲ್ಲಿ ತುಕ್ಕು ಹಿಡಿಯಲು ಒಂದು ಮಳೆಗಾಲ ಸಾಕು.

ಎಬ್ಬಿಸುವ ಕ್ರಮ ಹೀಗೆ. ಮೊದಲು ಧಾರಾಳ ನೀರು, ಕಾರು ತೊಳೆಯುವ ಸೋಪಿನಿಂದ ಗಾಡಿಯನ್ನು ತೊಳೆಯಬೇಕು. ನಮ್ಮ ಕೆಂಪು ಮಣ್ಣಿನ ಧೂಳು ಒಂದಿಷ್ಟು ಉಳಿದರೂ ಉಜ್ಜುವಾಗ ಗೀರುತ್ತದೆ. ಬಣ್ಣ ಬಿದ್ದ ದಿನವೇ ಗಮನಿಸಿದರೆ, ಮತ್ತು ಅದು ಗೇಟಿಗೆ ಹೊಡೆಯುವ ಇನಾಮಲ್ ಆಗಿದ್ದರೆ, ಮೆತ್ತನೆಯ ಬಟ್ಟೆಗೆ ಟರ್ಪೆಂಟೈನ್ ಸ್ವಲ್ಪ ಹಚ್ಚಿ ಒರೆಸಿ ಕೂಡಲೇ ತೊಳೆದರೆ ಬಹುಪಾಲು ಹೋಗುತ್ತದೆ. ಆದರೆ ಕಾರಿಗೆ ಗ್ಯಾರೇಜಿನಲ್ಲಿ ಮರುಬಣ್ಣ ಹೊಡೆಸಿದ್ದರೆ ಜೋಕೆ. ಬಾಗಿಲಿನ ಒಳ ಅಂಚಿನಲ್ಲಿ ಮೊದಲು ಪರೀಕ್ಷಿಸಿ, ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಬೇಕು.

ಗಟ್ಟಿಯಾದ ಚುಕ್ಕೆಗಳಿಗೆ ಕ್ಲೇ ಬಾರ್ ಎಂಬ ವಸ್ತು ಬರುತ್ತದೆ. ಚಪಾತಿ ಹಿಟ್ಟಿನ ಹದದ ಜೇಡಿಯಂಥ ಉಂಡೆ. ಅದನ್ನು ತಟ್ಟಿ ಚಪ್ಪಟೆ ಮಾಡಿ, ಸೋಪುನೀರು ಚೆನ್ನಾಗಿ ಚಿಮುಕಿಸಿ, ಒಂದೊಂದು ಅಡಿ ಚೌಕದಷ್ಟು ಜಾಗದಲ್ಲಿ ಒತ್ತದೆ ಹಿಂದೆ ಮುಂದೆ ಜಾರಿಸಬೇಕು. ಮೊದಮೊದಲು ತಡೆದು ತಡೆದು ಸಾಗುತ್ತದೆ. ಚುಕ್ಕೆ ಕಿತ್ತುಬಂದಂತೆ ನುಣುಪಾಗಿ ಓಡುತ್ತದೆ. ಉಂಡೆ ಕಪ್ಪಾದಾಗ ಮಡಚಿ ನಾದಿ ಹೊಸ ಮುಖ ತಿರುಗಿಸಿಕೊಳ್ಳಬೇಕು. ಕೈತಪ್ಪಿ ನೆಲಕ್ಕೆ ಬಿತ್ತೋ, ಎಷ್ಟೇ ದುಬಾರಿಯಾಗಿರಲಿ, ಅದನ್ನು ಎಸೆಯಬೇಕು. ಹರಳು ಮೆತ್ತಿದ ಉಂಡೆ ಅರದಂತೆ ಕೆಲಸ ಮಾಡುತ್ತದೆ. ಪೂರ್ತಿ ಹೋಯಿತೇ ಎಂದು ತಿಳಿಯಲು ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿ ಸವರಿ ನೋಡಿ. ಬರಿಗೈಗೆ ಸಿಗದ ತರಿಯೂ ಸಿಗುತ್ತದೆ. ಇದನ್ನು ಕಂಡು ನನಗೆ ಬಹಳ ಸೋಜಿಗವಾಯಿತು. ಕೊನೆಗೆ ಪಾಲಿಶ್, ಅದರ ಮೇಲೆ ಮೇಣ.

ಗಾಜಿನ ಮೇಲಿನ ಚುಕ್ಕೆಯನ್ನು ಒದ್ದೆ ಮಾಡಿ ಹೊಸ ಬ್ಲೇಡನ್ನು ಓರೆಯಾಗಿ ಹಿಡಿದು ಕೆರೆಯಬಹುದು. ಮುಂದಿನ ದೀಪದ ಮುಚ್ಚಳ ಗಾಜಲ್ಲ, ಪ್ಲಾಸ್ಟಿಕ್. ಅದಕ್ಕೆ ಬ್ಲೇಡೂ ಬೇಡ, ಥಿನ್ನರೂ ಬೇಡ.

ನಮ್ಮ ಕಸುಬಿನ ಸಿಂಪಡಣೆಯ ಬಗ್ಗೆಯೂ ಒಂದು ಮಾತು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಹೊಡೆಸುವಾಗ ತೋಟದ ದಾರಿಯಲ್ಲಿ ನಿಲ್ಲಿಸಿದ ಜೀಪು, ಕಾರುಗಳ ಮೇಲೆ ನೀಲಿ ಹನಿ ಬೀಳುವುದು ಸಾಮಾನ್ಯ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕೀಳದಿರಲೆಂದು ತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ರೋಗ ತಗಲದ್ದನ್ನು ಗಮನಿಸಿ ಮಿಲಾರ್ಡೆ ಎಂಬ ಪ್ರಾಧ್ಯಾಪಕರು 1885ರಲ್ಲಿ ಈ ದ್ರಾವಣವನ್ನು ಲೋಕಕ್ಕೆ ತಿಳಿಸಿದರು. ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಅದನ್ನು ಅಡಿಕೆಯ ಕೊಳೆಗೆ ಪ್ರಯೋಗಿಸಿದರು. ಮಳೆಗೂ ಜಗ್ಗದೆ ಅಂಟಿಕೊಳ್ಳುವುದೇ ಅದರ ಗುಣ. ಕಾರಿಗೂ ಹಾಗೆಯೇ ಅಂಟುತ್ತದೆ. ಹಸಿಯಿದ್ದಾಗ ಬರೀ ನೀರು ಹೊಡೆದರೆ ಹೋಗುತ್ತದೆ. ಒಣಗಿದ ಮೇಲೆ ಉಜ್ಜಬಾರದು, ಸುಣ್ಣದ ಕಣ ಗೀರುತ್ತದೆ. ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಬಟ್ಟೆಯಲ್ಲದ್ದಿ ಕೆಲವು ನಿಮಿಷ ಹಾಸಿಟ್ಟು, ಸಡಿಲವಾದ ಮೇಲೆ ಚೆನ್ನಾಗಿ ತೊಳೆಯಬೇಕು. ತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದೆಂಬುದು ತಮಗೆ ತಿಳಿದೇ ಇದೆ. ಬಣ್ಣ ಕಿತ್ತು ತಗಡು ಕಾಣುವ ಗಾಡಿಯಾದರೆ ಮದ್ದು ಹೊಡೆಯುವವರು ಬರುವ ಮೊದಲೇ ದೂರ ಒಯ್ದು ನಿಲ್ಲಿಸುವುದು ಒಳ್ಳೆಯದು.

ಗೇಟಿನ ಒಳಮುಖಕ್ಕೆ ಇನ್ನೂ ಬಣ್ಣವಾಗಿಲ್ಲ. ಈ ಸಲ ಬ್ರಶ್ಶಿನಲ್ಲೇ ಹಚ್ಚಲು ಹೇಳಿದ್ದೇನೆ, ಅದೂ ಅಂಗಳ ಖಾಲಿಯಾದ ಮೇಲೆ.