ನೀರು ಅಳೆಯುವ ಹೊತ್ತು

ಪಾಂಡವಪುರ ತಾಲ್ಲೂಕಿನ ತೊಣ್ಣೂರು ಕೆರೆಯ ಕೆಳಗೆ ಇಬ್ಬರು ರೈತರು ಒಂದೇ ಕಾಲುವೆಯಿಂದ ಸರದಿಯ ಮೇಲೆ ನೀರು ಹಾಯಿಸಬೇಕಾಗಿದೆಯೆಂದು ಭಾವಿಸೋಣ. ಗಡಿಯಾರವಿಲ್ಲ. ತಳದಲ್ಲಿ ಸಣ್ಣ ರಂಧ್ರವುಳ್ಳ, ನೇರ ಗೋಡೆಯ ಕೊಳಗವೊಂದನ್ನು ತುಂಬಿಸಿಟ್ಟು, ಅದು ಅರ್ಧಕ್ಕೆ ಇಳಿಯುವವರೆಗೆ ಮೊದಲನೆಯವನಿಗೆ, ಉಳಿದರ್ಧ ಬರಿದಾಗುವವರೆಗೆ ಎರಡನೆಯವನಿಗೆ ಎಂದು ನೀರುಗಂಟಿಯು ತೀರ್ಪಿತ್ತರೆ ಅದು ನ್ಯಾಯವೆ? ಕೊಳಗವು ಬರಿದಾಗಲು 100 ನಿಮಿಷ ಹಿಡಿಯುವುದಾದರೆ ಮೊದಲನೆಯವನಿಗೆ ದೊರೆಯುವುದು ಸುಮಾರು 29 ನಿಮಿಷ; ಎರಡನೆಯವನಿಗೆ 71! ಇಂತಹ ತೀರ್ಪಿನಿಂದ ಎಂತಹ ಜಗಳ ಹುಟ್ಟೀತೆಂಬುದನ್ನು ನೀರಾವರಿಯ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕಾರಣವು ಸರಳವಾದುದು. ರಂಧ್ರದಿಂದ ನೀರು ಚಿಮ್ಮುವ ವೇಗವು ಅದರ ಮೇಲೆ ನಿಂತಿರುವ ನೀರಿನ ಎತ್ತರದ ವರ್ಗಮೂಲವನ್ನು ಅನುಸರಿಸುತ್ತದೆ. ಇಟಲಿಯ ಟೊರಿಚೆಲ್ಲಿಯು 1644ರಲ್ಲಿ ಪ್ರಕಟಿಸಿದ ನಿಯಮವಿದು. ಎತ್ತರವು ಕಾಲುಭಾಗಕ್ಕೆ ಇಳಿದಾಗ ವೇಗವು ಅರ್ಧವಾಗಿರುತ್ತದೆ.

ನಮ್ಮ ಪೂರ್ವಿಕರ ಗಳಿಗೆ ಬಟ್ಟಲು ಈ ತೊಡಕನ್ನು ಸೊಗಸಾಗಿ ನಿವಾರಿಸುತ್ತದೆ. ಸೂರ್ಯಸಿದ್ಧಾಂತದಲ್ಲಿ ಅದರ ವರ್ಣನೆಯುಂಟು: ತಳದಲ್ಲಿ ರಂಧ್ರವಿರುವ ತಾಮ್ರದ ಬಟ್ಟಲನ್ನು ಶುದ್ಧಜಲದ ಮೇಲೆ ತೇಲಬಿಟ್ಟರೆ ಒಂದು ಅಹೋರಾತ್ರದಲ್ಲಿ ಅದು 60 ಬಾರಿ ಮುಳುಗಬೇಕು. ಅರ್ಥಾತ್ ಒಂದು ಮುಳುಗಿಗೆ 24 ನಿಮಿಷ. ಅದೇ ಒಂದು ಗಳಿಗೆ. ಇಲ್ಲಿ ನೀರು ಹೊರಹೋಗುವುದಿಲ್ಲ, ಒಳಬರುತ್ತದೆ. ಹೊರಗಣ ನೀರು ಒಳಗಣ ನೀರಿಗಿಂತ ಎಷ್ಟು ಮೇಲಿರಬೇಕೆಂಬುದನ್ನು ಬಟ್ಟಲಿನ ತೂಕವೇ ಗೊತ್ತುಮಾಡುತ್ತದೆ. ಆರ್ಕಿಮಿಡೀಸನ ತತ್ತ್ವವನ್ನು ನೆನೆದುಕೊಳ್ಳಿ. ಬಟ್ಟಲಿನ ಗೋಡೆಯು ತೆಳುವಾಗಿ ನೇರವಾಗಿದ್ದರೆ ಈ ಅಂತರವು ಮೊದಲಿನಿಂದ ಕೊನೆಯವರೆಗೂ ಒಂದೇ. ಆದುದರಿಂದ ಒಳಹರಿವೂ ಏಕರೀತಿಯಾಗಿರುತ್ತದೆ. ಅರೆಗೋಳದ ಬಟ್ಟಲಿನಲ್ಲಿ ಹಾಗಿಲ್ಲ. ಆದರೆ ಪೂರ್ಣ ಮುಳುಗುಗಳನ್ನು ಮಾತ್ರ ಎಣಿಸುವುದರಿಂದ ಬಾಧಕವಿಲ್ಲ.

ಶುದ್ಧಜಲವೆಂಬ ಮಾತು ಅಲಂಕಾರಕ್ಕಾಗಿ ಬಂದುದಲ್ಲ. ಕಸದ ಕಣವೊಂದು ರಂಧ್ರಕ್ಕೆ ಸಿಕ್ಕಿದರೆ ಕಾಲವೇ ನಿಂತಂತೆ! ಭಾಸ್ಕರಾಚಾರ್ಯನ ಮಗಳು ಲೀಲಾವತಿಯ ವಿವಾಹಮುಹೂರ್ತವು, ಬಟ್ಟಲಿಗೆ ಮುತ್ತು ಬಿದ್ದು ರಂಧ್ರ ಮುಚ್ಚಿದ್ದರಿಂದ ತಪ್ಪಿಹೋಯಿತೆಂಬ ಕಥೆಯಿದೆ. ಕಥೆ ನಿಜವಿರಲಿ, ಇಲ್ಲದಿರಲಿ, ಅದನ್ನು ಕಟ್ಟಿದವನು ಯಂತ್ರದ ಮರ್ಮವನ್ನು ಬಲ್ಲವನು.

ಮುಳುಗಿದ ಬಟ್ಟಲನ್ನು ಮತ್ತೆ ತೇಲಬಿಡಲು ಮನುಷ್ಯನ ಕೈ ಬೇಕು. ಆ ಕೆಲಸವನ್ನೂ ನೀರಿಗೇ ಒಪ್ಪಿಸಬಹುದೆ? ನೀರಿನ ಮಟ್ಟವನ್ನೇ ಅಪ್ಪಣೆಯನ್ನಾಗಿ ಮಾಡಬಹುದೆಂಬುದಕ್ಕೆ ಶ್ರೀರಂಗಪಟ್ಟಣದ ಮೇಲ್ಗಡೆಯ ಕೃಷ್ಣರಾಜಸಾಗರವು ನಿದರ್ಶನ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆಯ ಬಳಿ ಖಡಕವಾಸ್ಲದಲ್ಲಿ ಅಳವಡಿಸಿದ್ದ ಸ್ವಯಂಚಾಲಿತ ಬಾಗಿಲುಗಳ ಏರ್ಪಾಟು, 1911ರಲ್ಲಿ ಕೆಲಸ ಆರಂಭವಾದ ಈ ಅಣೆಕಟ್ಟಿಗೂ ಬಂದಿತು. ಗೊತ್ತಾದ ಮಟ್ಟವನ್ನು ಮೀರಿದ ನೀರೇ ತನಗೆ ದಾರಿಯನ್ನು ತೆರೆದುಕೊಳ್ಳುವಂತಹ ಏರ್ಪಾಟು ಅದು.

ಸಮನಾದ ಹರಿವು, ಮಟ್ಟದ ಅಪ್ಪಣೆ, ಇವೆರಡೂ ಕೂಡಿದರೆ ತಾನಾಗಿ ನಡೆಯುವ ಗಡಿಯಾರವಾಗುತ್ತದೆ. 2006ರಲ್ಲಿ ಹೊರಬಂದ ‘ಡ್ವಾರ್ಫ್ ಫೋರ್ಟ್ರೆಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಇದನ್ನು ಕಟ್ಟಿ ನೋಡಬಹುದು. ಅಲ್ಲಿ ನೀರಿನ ಆಳವನ್ನು 7 ಮೆಟ್ಟಲುಗಳಲ್ಲಿ ಅಳೆಯುತ್ತಾರೆ. ತೊಟ್ಟಿಯು ತುಂಬಿದೊಡನೆ ತಳದ ಒತ್ತುಹಲಗೆಯು ತೂಬನ್ನು ತೆರೆಯುತ್ತದೆ. ನೀರು ಇಳಿದೊಡನೆ ತೂಬು ಮುಚ್ಚಿ ತೊಟ್ಟಿಯು ಪುನಃ ತುಂಬತೊಡಗುತ್ತದೆ. ಒಂದು ಸುತ್ತೇ ಅಲ್ಲಿಯ ಗಳಿಗೆ. ಚಳಿನಾಡನ್ನು ಆರಿಸಿಕೊಂಡ ಆಟಗಾರನಿಗೆ ಮಾತ್ರ ತೊಂದರೆಯುಂಟು: ಚಳಿಗಾಲದಲ್ಲಿ ನದಿಯು ಹೆಪ್ಪುಗಟ್ಟಿದರೆ ಅವನ ಗಡಿಯಾರವೂ ನಿಲ್ಲುತ್ತದೆ.