ಹಳೆಯ ಕಾರಿನ ಸದ್ದು ಹೇಳುವುದೇನು?

ಹೊಸ ಕಾರನ್ನು ಕೊಂಡವನ ಕಣ್ಣು ಅದರ ಬಣ್ಣದ ಮೇಲಿರುತ್ತದೆ. ಹಳೆಯ ಕಾರನ್ನು ಇಟ್ಟುಕೊಂಡವನ ಕಿವಿ ಅದರ ಸದ್ದಿನ ಮೇಲಿರುತ್ತದೆ. ನಿನ್ನೆಯವರೆಗೆ ಇಲ್ಲದ ಒಂದು ‘ಗುಂಯ್’ ಎಂಬ ನಾದವೋ ‘ಟಕ್’ ಎಂಬ ಶಬ್ದವೋ ಇಂದು ಕೇಳಿಬಂದಿತೆಂದರೆ ಆತನ ಪ್ರಯಾಣದ ಸುಖ ಅಲ್ಲಿಗೆ ಮುಗಿಯಿತು. ಹೆಂಡತಿ ಮಕ್ಕಳು ಹೊರಗಿನ ಗಿರಿವನಗಳನ್ನು ನೋಡಿ ನಲಿಯುತ್ತಿದ್ದರೆ, ಆತ ಮಾತ್ರ ಕಾಲಡಿಯ ತಗಡಿಗೆ ಕಿವಿಗೊಟ್ಟು, ಈ ತಿಂಗಳ ಸಂಬಳದಲ್ಲಿ ಎಷ್ಟು ಪಾಲು ಗ್ಯಾರೇಜಿಗೆ ಸಲ್ಲಬೇಕಾದೀತೆಂದು ಲೆಕ್ಕ ಹಾಕುತ್ತಿರುತ್ತಾನೆ.

ನನ್ನ ತಂದೆಯವರು ಬಿಟ್ಟುಹೋದ ಅಂಬಾಸಡರ್ ಕಾರು ಒಮ್ಮೆ ನನ್ನನ್ನೂ ಈ ಸ್ಥಿತಿಗೆ ತಂದಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಾದರಿಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ವಾಹನದ ನಿರ್ಮಾಣ 2014ರಲ್ಲಿ ನಿಂತುಹೋಯಿತು. ಆದರೂ ಅದನ್ನು ಮನೆಯ ಹಿರಿಯರಂತೆ ಕಾಪಾಡಿಕೊಂಡು ಬಂದವರು ಇಂದಿಗೂ ಇದ್ದಾರೆ. ನಮ್ಮ ಕಾರು ನಿಂತಲ್ಲಿಂದ ಹೊರಡುವಾಗಲೆಲ್ಲ ಅದರ ಹೊಟ್ಟೆಯ ಕೆಳಗೆ ‘ಟಕ್’ ಎಂದು ಬಡಿಯತೊಡಗಿತು. ಮುಂದಿನ ವಾರ ವೃದ್ಧೆಯಾದ ತಾಯಿಯನ್ನು ಕರೆದುಕೊಂಡು ಆಗುಂಬೆಯ ಘಾಟಿಯನ್ನಿಳಿದು ಉಡುಪಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಗ್ಯಾರೇಜೊಂದರಲ್ಲಿ ತೋರಿಸಿದಾಗ, ಕಾರಿನ ಬಳಿಗೂ ಬಾರದೆ, “ಗೇರ್‌ಬಾಕ್ಸ್ ಇಳಿಸಬೇಕು” ಎಂದುಬಿಟ್ಟರು. ಅವರು ಹೇಳಿದ ಮೊತ್ತವನ್ನು ಕೇಳಿ ನಾನು ಮೌನವಾಗಿ ಹಿಂದಿರುಗಿದೆ.

ಮಿತ್ರರೊಬ್ಬರ ಸಲಹೆಯಂತೆ ಒಬ್ಬ ವಯಸ್ಸಾದ ಮೇಸ್ತ್ರಿಯ ಬಳಿಗೆ ಹೋದೆ. ನಾನು ಸದ್ದನ್ನು ಬಾಯಿಂದಲೇ ಅನುಕರಿಸಿ ತೋರಿಸಲು ಹೊರಟಾಗ ಅವರು ನಕ್ಕು, “ಮೇಷ್ಟ್ರೇ, ಸದ್ದು ಹ್ಯಾಗಿದೆ ಅನ್ನೋದು ಆಮೇಲೆ. ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ, ಅದನ್ನ ಮೊದಲು ಹೇಳಿ” ಎಂದರು. ವ್ಯಾಕರಣದ ತರಗತಿಯಲ್ಲಿ ಅನುಕರಣಾವ್ಯಯಗಳನ್ನು ಕಲಿಸುವ ನನಗೆ ಅಂದು ಹೊಸ ಪಾಠವೊಂದು ದೊರೆಯಿತು. ಅದನ್ನೇ ವಾಚಕರ ಮುಂದಿಡುತ್ತಿದ್ದೇನೆ.

ಮೊದಲು ಶಕ್ತಿಯ ಹಾದಿಯನ್ನು ತಿಳಿಯಬೇಕು. ಇಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಕ್ಲಚ್ಚನ್ನು ದಾಟಿ ಗೇರ್‌ಬಾಕ್ಸನ್ನು ಸೇರುತ್ತದೆ. ಅಲ್ಲಿಂದ ಕಾರಿನ ಕೆಳಗೆ ಉದ್ದಕ್ಕೆ ಚಾಚಿರುವ ಪ್ರೊಪೆಲರ್ ಶಾಫ್ಟ್ ಎಂಬ ಕೊಳವೆ ಅದನ್ನು ಹಿಂದಕ್ಕೆ ಒಯ್ಯುತ್ತದೆ. ಈ ಶಾಫ್ಟಿನ ಎರಡು ತುದಿಗಳಲ್ಲಿಯೂ ಕೀಲುಗಳಿವೆ; ಯೂನಿವರ್ಸಲ್ ಜಾಯಿಂಟ್ ಎಂಬುದು ಇದಕ್ಕೇ. ಕೊನೆಗೆ ಡಿಫರೆನ್ಷಿಯಲ್ ಆ ಶಕ್ತಿಯನ್ನು ಎರಡು ಹಿಂಚಕ್ರಗಳಿಗೂ ಹಂಚುತ್ತದೆ. ಸದ್ದು ಈ ಹಾದಿಯ ಯಾವ ಮನೆಯಿಂದ ಬರುತ್ತಿದೆ ಎಂಬುದೇ ಪ್ರಶ್ನೆ.

ಮೊದಲನೆಯ ಪರೀಕ್ಷೆಗೆ ಕಾರು ಚಲಿಸಬೇಕಾಗಿಲ್ಲ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು, ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಇಂಜಿನ್ನನ್ನು ನಿಧಾನವಾಗಿ ಓಡಲು ಬಿಡಿ. ಕ್ಲಚ್ಚಿನ ಮೇಲೆ ಕಾಲಿಡದಿರುವಾಗ ಗರಗರ ಸದ್ದು ಕೇಳಿ, ಕ್ಲಚ್ಚನ್ನು ಒತ್ತಿದೊಡನೆ ಅದು ಅಡಗಿದರೆ, ಗೇರ್‌ಬಾಕ್ಸಿನೊಳಗಿನ ಬೇರಿಂಗುಗಳು ಸವೆದಿರಬಹುದು. ಏಕೆಂದರೆ ನ್ಯೂಟ್ರಲ್ಲಿನಲ್ಲಿಯೂ ಕ್ಲಚ್ಚನ್ನು ಒತ್ತುವ ತನಕ ಗೇರ್‌ಬಾಕ್ಸಿನ ಮೊದಲ ದಂಡವೂ ಅದಕ್ಕೆ ಜೊತೆಯಾದ ಕೆಳದಂಡವೂ ತಿರುಗುತ್ತಲೇ ಇರುತ್ತವೆ. ಇದಕ್ಕೆ ವಿರುದ್ಧವಾಗಿ, ಒತ್ತಿದಾಗ ಮಾತ್ರ ಸದ್ದು ಹುಟ್ಟಿದರೆ ಕ್ಲಚ್ಚಿನ ರಿಲೀಸ್ ಬೇರಿಂಗಿನ ಕಡೆಗೆ ನೋಡಬೇಕು. ಗೇರ್ ಬದಲಿಸದಿರುವಾಗಲೂ ಕಾಲನ್ನು ಕ್ಲಚ್ಚಿನ ಮೇಲೆಯೇ ಊರಿಕೊಂಡು ಓಡಿಸುವ ಅಭ್ಯಾಸ ಅದರ ಆಯುಸ್ಸನ್ನು ತಿನ್ನುತ್ತದೆ.

ಎರಡನೆಯ ಪರೀಕ್ಷೆ ಜನಸಂಚಾರವಿಲ್ಲದ ನೇರ ರಸ್ತೆಯಲ್ಲಿ. ಒಂದೇ ಗೇರಿನಲ್ಲಿ ಸದ್ದು ಬಂದು ಉಳಿದವುಗಳಲ್ಲಿ ಬಾರದಿದ್ದರೆ ಆ ಗೇರಿನ ಹಲ್ಲುಗಳದೇ ತಪ್ಪು. ಕೆಳಗಿನ ಮೂರು ಗೇರುಗಳಲ್ಲಿಯೂ ನರಳಿ ನಾಲ್ಕನೆಯದರಲ್ಲಿ ಶಾಂತವಾದರೆ ಕೆಳದಂಡದ ಬೇರಿಂಗುಗಳನ್ನು ಶಂಕಿಸಬೇಕು. ಅಂಬಾಸಡರಿನ ನಾಲ್ಕನೆಯ ಗೇರಿನಲ್ಲಿ ಶಕ್ತಿ ನೇರವಾಗಿ ಹಾದುಹೋಗುವುದರಿಂದ ಕೆಳದಂಡ ಸುಮ್ಮನೆ ತಿರುಗುತ್ತದೆಯೇ ಹೊರತು ಭಾರ ಹೊರುವುದಿಲ್ಲ. ಹಿಂದಕ್ಕೆ ಹೋಗುವಾಗಿನ ‘ಗುಂಯ್’ ನಾದ ಮಾತ್ರ ರೋಗವಲ್ಲ. ರಿವರ್ಸ್ ಗೇರಿನ ಹಲ್ಲುಗಳು ಓರೆಯಾಗಿರದೆ ನೇರವಾಗಿ ಕಡೆದವುಗಳಾದ್ದರಿಂದ ಆ ನಾದ ಅದಕ್ಕೆ ಹುಟ್ಟುಗುಣ.

ಇನ್ನು ಶಾಫ್ಟಿನ ಸರದಿ. ಹೊರಡುವಾಗ, ಆಕ್ಸಿಲರೇಟರನ್ನು ಬಿಟ್ಟು ಮತ್ತೆ ಒತ್ತುವಾಗ, ಮುಂದಿನಿಂದ ಹಿಂದಕ್ಕೆ ಗೇರ್ ಬದಲಿಸುವಾಗ ‘ಟಕ್’ ಎಂದರೆ ಮೊದಲು ಕೀಲುಗಳನ್ನು ನೋಡಬೇಕು. ನಿಧಾನವಾಗಿ ಚಲಿಸುವಾಗ ತಾಳ ಹಾಕಿದಂತೆ ‘ಕಿರ್ ಕಿರ್’ ಎಂದರೆ ಕೀಲು ಗ್ರೀಸಿಲ್ಲದೆ ಒಣಗಿದೆ. ನಿರ್ದಿಷ್ಟ ವೇಗವೊಂದರಲ್ಲಿ ಮಾತ್ರ ಇಡೀ ಕಾರು ನಡುಗಿದರೆ ಶಾಫ್ಟಿನ ಸಮತೋಲ ಕೆಟ್ಟಿರಬಹುದು.

ಡಿಫರೆನ್ಷಿಯಲ್ಲಿನ ಕೊರಗು ಬೇರೆ ಬಗೆಯದು. ಅದು ಭಾರಕ್ಕೆ ತಕ್ಕಂತೆ ಸ್ವರವನ್ನು ಬದಲಿಸುತ್ತದೆ. ಆಕ್ಸಿಲರೇಟರ್ ಒತ್ತಿದಾಗ ಎದ್ದು, ಬಿಟ್ಟಾಗ ಅಡಗುವ ಕೊರಗು, ಅಥವಾ ಅದಕ್ಕೆ ತಿರುಗುಮುರುಗಾದುದು, ಕ್ರೌನ್ ವೀಲ್ ಮತ್ತು ಪಿನಿಯನ್ ಎಂಬ ಹಲ್ಲುಚಕ್ರಗಳ ಹೊಂದಾಣಿಕೆ ತಪ್ಪಿರುವುದರ ಸೂಚನೆ. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗೊರಗುಟ್ಟುವುದು ಬೇರಿಂಗಿನ ಲಕ್ಷಣ. ಬಲಕ್ಕೆ ತಿರುಗುವಾಗ ಕಾರಿನ ಭಾರ ಎಡಕ್ಕೆ ವಾಲುತ್ತದೆ. ಆಗ ಸದ್ದು ಹೆಚ್ಚಿದರೆ ಎಡಚಕ್ರದ ಬೇರಿಂಗನ್ನು ಪರೀಕ್ಷಿಸಬೇಕು. ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಅದು ಬಹುಮಟ್ಟಿಗೆ ಟೈರುಗಳ ಮಾತು. ಡಿಫರೆನ್ಷಿಯಲ್ಲಿಗೆ ಡಾಂಬರೂ ಸಿಮೆಂಟೂ ಒಂದೇ.

ಬಿಚ್ಚುವ ಮೊದಲು ಮಾಡಬೇಕಾದ ಅಗ್ಗದ ಕೆಲಸವೊಂದಿದೆ: ಗೇರ್‌ಬಾಕ್ಸಿನಲ್ಲಿಯೂ ಡಿಫರೆನ್ಷಿಯಲ್ಲಿನಲ್ಲಿಯೂ ಎಣ್ಣೆಯ ಮಟ್ಟವನ್ನು ನೋಡುವುದು. ಎರಡಕ್ಕೂ ಒಂದೇ ಎಣ್ಣೆ ನಡೆದೀತೆಂದು ಭಾವಿಸದೆ ಕಾರಿನ ಕೈಪಿಡಿ ಹೇಳಿದ್ದನ್ನೇ ಹಾಕಿಸಬೇಕು. ಹೊರಬಂದ ಎಣ್ಣೆಯಲ್ಲಿ ಲೋಹದ ಚೂರುಗಳಿದ್ದರೆ ವಿಳಂಬ ಸಲ್ಲದು. ಬರಿಯ ಜಾಕಿನ ಮೇಲೆ ನಿಂತಿರುವ ಕಾರಿನ ಕೆಳಗೆ ಎಂದಿಗೂ ನುಸುಳಬೇಡಿ. ಸದ್ದನ್ನು ಆಲಿಸುವ ನೆಪದಲ್ಲಿ ಇಳಿಜಾರಿನಲ್ಲಿ ನ್ಯೂಟ್ರಲ್ಲಿಗೆ ಹಾಕಲೂ ಬೇಡಿ.

ನಮ್ಮ ಮೇಸ್ತ್ರಿಯವರು ಇವೆಲ್ಲವನ್ನೂ ಪ್ರಶ್ನೆಗಳಾಗಿ ಕೇಳಿದರು. ನಿಂತಾಗ ಸದ್ದಿಲ್ಲ, ಎಲ್ಲ ಗೇರುಗಳಲ್ಲಿಯೂ ಉಂಟು, ಹೊರಡುವಾಗ ಒಂದೇ ಬಾರಿ. ಇಷ್ಟು ತಿಳಿದ ಮೇಲೆ ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಚಕ್ರಗಳಿಗೆ ಅಡ್ಡಗಟ್ಟೆಯಿಟ್ಟು ಕೆಳಗಿಳಿದರು. ಹಿಂದಿನ ಕೀಲಿನ ಎರಡು ಬದಿಗಳನ್ನೂ ಹಿಡಿದು ತಿರುಚಿದರೆ ಕೀಲು ಸಡಿಲವಾಗಿ ಆಡಿತು. ಅದರ ಬಟ್ಟಲಿನ ಅಂಚಿನಲ್ಲಿ ತುಕ್ಕಿನ ಕೆಂಪು ಪುಡಿ. ಮತ್ತೆ ಹಾಗೆಯೇ ಜೋಡಿಸಲು ಶಾಫ್ಟಿನ ಮೇಲೆ ಗುರುತು ಮಾಡಿ ಬಿಚ್ಚಿದಾಗ, ಒಳಗಿನ ಸೂಜಿಯಂಥ ಉರುಳೆಗಳು ಸವೆದು ಪುಡಿಯಾಗಿದ್ದವು. “ಇದು ಘಾಟಿ ಇಳಿಯುವಾಗ ಮುರಿದಿದ್ದರೆ, ಗೇರಿನ ಹಿಡಿತ ಅಲ್ಲೇ ಹೋಗ್ತಿತ್ತು, ಮೇಷ್ಟ್ರೇ. ಬ್ರೇಕ್ ಒಂದನ್ನೇ ನಂಬಬೇಕಾಗ್ತಿತ್ತು” ಎಂದು ಅವರು ಮೆಲ್ಲಗೆ ಹೇಳಿದರು.

ಎರಡು ಕೀಲುಗಳಿಗೂ ಹೊಸ ಕ್ರಾಸ್ ಹಾಕಲು ಅರ್ಧ ದಿನ ಹಿಡಿಯಿತು. ಗೇರ್‌ಬಾಕ್ಸನ್ನು ಇಳಿಸಿದ್ದರೆ ಹಣವೂ ಹೋಗುತ್ತಿತ್ತು, ಕೀಲೂ ಹಾಗೆಯೇ ಉಳಿಯುತ್ತಿತ್ತು. ಮುಂದಿನ ವಾರ ನಾವು ಎರಡನೆಯ ಗೇರಿನಲ್ಲಿ ನಿಧಾನವಾಗಿ ಆಗುಂಬೆಯ ತಿರುವುಗಳನ್ನು ಇಳಿದೆವು. ಹಿಂದಿನ ಸೀಟಿನಲ್ಲಿ ಕುಳಿತಿದ್ದ ತಾಯಿ, “ಈಗ ಕಾರು ಸುಮ್ಮನಿದೆಯಲ್ಲೋ!” ಎಂದರು. ಆ ದಿನ ಮೊದಲ ಬಾರಿಗೆ ನಾನೂ ಹೊರಗಿನ ಕಾಡನ್ನು ನೋಡಿದೆ.