ವಿದ್ಯುತ್ ಮೋಟಾರಿನ ನಾಮಫಲಕ

ಹಿಟ್ಟಿನ ಗಿರಣಿಯಲ್ಲಾಗಲಿ ದೊಡ್ಡ ಕಾರ್ಖಾನೆಯಲ್ಲಾಗಲಿ ತಿರುಗುವ ಪ್ರತಿಯೊಂದು ಮೋಟಾರಿನ ಮೈಮೇಲೂ ಅಂಗೈಯಗಲದ ಲೋಹದ ಫಲಕವೊಂದಿರುತ್ತದೆ. ಕೊಳ್ಳುವವರಲ್ಲಿ ಬಹುಮಂದಿ ಅಶ್ವಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸಿ ತೃಪ್ತರಾಗುತ್ತಾರೆ; ಉಳಿದ ಅಕ್ಷರಾಂಕಗಳು ತಯಾರಕನ ಗುಟ್ಟಿನ ಗುರುತುಗಳೆಂದೇ ಅವರ ಭಾವನೆ. ವಾಸ್ತವವಾಗಿ ಅವು ಕೊಳ್ಳುವವನ ಹಿತಕ್ಕಾಗಿ ಏರ್ಪಟ್ಟ ಕರಾರಿನ ಷರತ್ತುಗಳು.

ಮೋಟಾರುಗಳನ್ನು ಮೊದಲು ನೇರ ವಿದ್ಯುತ್ತಿನವು, ಪರ್ಯಾಯ ವಿದ್ಯುತ್ತಿನವು ಎಂದು ವಿಭಾಗಿಸುವುದು ವಾಡಿಕೆ. ಎರಡನೆಯ ವರ್ಗದಲ್ಲಿ ಉದ್ಯಮಗಳು ಅತಿ ಹೆಚ್ಚಾಗಿ ಬಳಸುವುದು ಪ್ರೇರಣ ಮೋಟಾರನ್ನು. ಅದರ ತಿರುಗುವ ಭಾಗದ ಸರಳುಗಳು ಅಳಿಲಿನ ಪಂಜರವನ್ನು ಹೋಲುವುದರಿಂದ ಸ್ಕ್ವಿರಲ್ ಕೇಜ್ ಎಂಬ ಹೆಸರು ಬಂದಿತು. ಸೆಕೆಂಡಿಗೆ ೫೦ ಆವರ್ತಗಳ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳ ಯಂತ್ರದ ಕಾಂತಕ್ಷೇತ್ರವು ನಿಮಿಷಕ್ಕೆ ೧೫೦೦ ಸುತ್ತು ತಿರುಗುತ್ತದೆ. ಮೋಟಾರು ಅದಕ್ಕಿಂತ ತುಸು ಹಿಂದೆ ಉಳಿಯುವುದು. ಫಲಕದಲ್ಲಿ ೧೪೪೦ ಎಂದಿದ್ದರೆ ಅದು ದೋಷವಲ್ಲ, ಆ ಯಂತ್ರದ ಸ್ವಭಾವವೇ ಹಾಗೆ.

ತಯಾರಕರೆಲ್ಲರೂ ತಮಗೆ ತೋಚಿದ ಅಳತೆಯನ್ನು ಅನುಸರಿಸಿದರೆ ಒಂದು ಮೋಟಾರು ಕೆಟ್ಟಾಗ ತಳಪಾಯವನ್ನೇ ಒಡೆಯಬೇಕಾದೀತು. ೧೯೦೬ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ ಲಾರ್ಡ್ ಕೆಲ್ವಿನ್ನರನ್ನು ಪ್ರಥಮಾಧ್ಯಕ್ಷರನ್ನಾಗಿ ಪಡೆದ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗದ ಮಾನಕಗಳು ಈ ತೊಡಕನ್ನೂ ಬಿಡಿಸುತ್ತವೆ. ಚೌಕಟ್ಟು ‘೧೩೨ ಎಂ’ ಎಂದರೆ ಪಾದದಿಂದ ದಂಡದ ನಡುವಿಗೆ ೧೩೨ ಮಿಲಿಮೀಟರ್ ಎತ್ತರ; ‘ಎಂ’ ಎಂಬುದು ಮಧ್ಯಮ ಉದ್ದವನ್ನು ಸೂಚಿಸುತ್ತದೆ. ಅಮೆರಿಕದ ಪದ್ಧತಿಯೇ ಬೇರೆ. ಅಲ್ಲಿಯ ‘೨೧೩ ಟಿ’ ಚೌಕಟ್ಟಿನ ಮೊದಲ ಎರಡಂಕಿಗಳನ್ನು ನಾಲ್ಕರಿಂದ ಭಾಗಿಸಿದರೆ ಐದೂಕಾಲು ಅಂಗುಲ, ಅಂದರೆ ೧೩೩.೩೫ ಮಿಲಿಮೀಟರ್ ಬರುತ್ತದೆ. ಒಂದೂಕಾಲು ಮಿಲಿಮೀಟರಿಗೂ ತುಸು ಮೀರಿದ ಈ ಅಂತರದಿಂದಲೇ ಒಂದರ ಜಾಗದಲ್ಲಿ ಇನ್ನೊಂದು ನೆಟ್ಟಗೆ ಕೂರುವುದಿಲ್ಲ! ಭಾರತದ ಮಾನಕಗಳು ಆಯೋಗದ ಮಾರ್ಗವನ್ನೇ ಹಿಡಿದಿವೆ. ೧೯೪೭ರ ಭಾರತೀಯ ಮಾನಕ ಸಂಸ್ಥೆಯು ಆರಂಭಿಸಿದ ಈ ಕಾರ್ಯವನ್ನು ೧೯೮೭ರಿಂದ ಭಾರತೀಯ ಮಾನಕ ಬ್ಯೂರೋ ನಿರ್ವಹಿಸುತ್ತಿದೆ.

‘ಐಪಿ ೫೫’ ಎಂಬುದರ ಮೊದಲ ಅಂಕಿ ಧೂಳಿನಿಂದ, ಎರಡನೆಯದು ನೀರಿನಿಂದ ದೊರೆಯುವ ರಕ್ಷಣೆಯನ್ನು ಹೇಳುತ್ತದೆ. ಉಷ್ಣದ ವಿಚಾರ ಇನ್ನೂ ಗಹನ. ತಂತಿಸುತ್ತಿನ ನಿರೋಧಕ ಹೊದಿಕೆಯು ‘ಬಿ’ ವರ್ಗದ್ದಾದರೆ ೧೩೦, ‘ಎಫ್’ ಆದರೆ ೧೫೫, ‘ಎಚ್’ ಆದರೆ ೧೮೦ ಡಿಗ್ರಿ ಸೆಂಟಿಗ್ರೇಡಿನವರೆಗೆ ತಾಳಬಲ್ಲುದು. ಮಿತಿಯನ್ನು ಹತ್ತು ಡಿಗ್ರಿ ಮೀರಿದರೆ ಹೊದಿಕೆಯ ಆಯುಷ್ಯ ಅರ್ಧವಾಗುವುದೆಂದು ತಜ್ಞರು ಸ್ಥೂಲವಾಗಿ ಲೆಕ್ಕ ಹಾಕುತ್ತಾರೆ. ಈ ಎಣಿಕೆಯಲ್ಲಿ ಸುತ್ತಲಿನ ಗಾಳಿ ಸಾಮಾನ್ಯವಾಗಿ ೪೦ ಡಿಗ್ರಿ ಮೀರದೆಂಬ ಊಹೆಯಿದೆ. ಬೇಸಗೆಯಲ್ಲಿ ತಗಡಿನ ಮಾಡಿನ ಕೆಳಗೆ ಯಂತ್ರವಿಟ್ಟವರು ಇದನ್ನು ಮರೆಯಬಾರದು.

ಹಣದ ದೃಷ್ಟಿಯಿಂದ ಮುಖ್ಯವಾದ ಸಾಲು ದಕ್ಷತೆಯದು. ಆಯೋಗವು ೨೦೦೮ರಲ್ಲಿ ಐಇ ೧ರಿಂದ ಐಇ ೩ರವರೆಗೆ ದರ್ಜೆಗಳನ್ನು ಗೊತ್ತುಪಡಿಸಿ, ೨೦೧೪ರಲ್ಲಿ ಐಇ ೪ನ್ನು ಸೇರಿಸಿತು. ಹತ್ತು ಅಶ್ವಶಕ್ತಿಯ, ಅಂದರೆ ಏಳೂವರೆ ಕಿಲೋವ್ಯಾಟಿನ, ನಾಲ್ಕು ಧ್ರುವಗಳ ಮೋಟಾರಿಗೆ ಮೊದಲ ದರ್ಜೆಯಲ್ಲಿ ಕನಿಷ್ಠ ಶೇಕಡಾ ೮೬, ಮೂರನೆಯದರಲ್ಲಿ ೯೦.೪ ದಕ್ಷತೆ ಬೇಕು. ಎರಡೂ ಪೂರ್ಣಭಾರದಲ್ಲಿ ವರ್ಷಕ್ಕೆ ೪೦೦೦ ಗಂಟೆ ನಡೆದರೆ ವ್ಯತ್ಯಾಸ ಸುಮಾರು ೧೭೦೦ ಯೂನಿಟ್. ಯೂನಿಟ್ಟಿಗೆ ೮ ರೂಪಾಯಿಯೆಂದು ಹಿಡಿದರೂ ೧೩,೬೦೦ ರೂಪಾಯಿಗಳಾದುವು. ಅಗ್ಗದ ಯಂತ್ರಕ್ಕೆ ಸಾಲ ಪಡೆದವನು ಈ ಮೊತ್ತವನ್ನು ಬಡ್ಡಿಯ ಜೊತೆಗೆ ಪ್ರತಿವರ್ಷವೂ ತೆರುತ್ತಾನೆ. ಆದರೆ ದಿನಕ್ಕೆ ಗಂಟೆಯೊಂದು ಮಾತ್ರ ತಿರುಗುವ ಯಂತ್ರಕ್ಕೆ ಇದೇ ವಾದ ಸಲ್ಲದು; ಅಲ್ಲಿ ಉಳಿಯುವುದು ವರ್ಷಕ್ಕೆ ನೂರೈವತ್ತೈದು ಯೂನಿಟ್ಟಿನಷ್ಟೇ.